ಎಲೆಯ ಆಯುಸ್ಸು, ಗ್ರಂಥದ ಆಯುಸ್ಸು

ನಮ್ಮ ನುಡಿಯಲ್ಲಿ ಓದುಬರಹಕ್ಕೆ ಸಂಬಂಧಿಸಿದ ಎಷ್ಟೋ ಮಾತುಗಳು ಮರದಿಂದ ಇಳಿದು ಬಂದವು. ಪತ್ರವೆಂದರೆ ಎಲೆ; ಅದೇ ಕಾಗದ, ಅದೇ ಪತ್ರಿಕೆ. ಓಲೆಯೆಂದರೆ ತಾಳೆಯ ಗರಿ. ಸುರುಳಿ ಮಾಡಿ ಕಿವಿಗಿಟ್ಟರೆ ಕಿವಿಯೋಲೆ, ಬರೆದು ಕಳುಹಿಸಿದರೆ ಸಂದೇಶ, ಅದನ್ನು ಒಯ್ಯುವವನು ಓಲೆಕಾರ. ಕಾಗದವು ಬಳಕೆಗೆ ಬರುವವರೆಗೆ, ಬಂದ ಮೇಲೂ ಬಹುಕಾಲ, ದಕ್ಷಿಣ ಭಾರತದ ಸಾಹಿತ್ಯವನ್ನು ಹೊತ್ತದ್ದು ಈ ಗರಿಯೇ. ಸಾವಿರಾರು ಬಗೆಯ ಎಲೆಗಳಿರುವ ನಾಡಿನಲ್ಲಿ ತಾಳೆಯೇ ಏಕೆ ಆಯ್ಕೆಯಾಯಿತು? ಉತ್ತರವು ಎಲೆಯ ರಚನೆಯಲ್ಲೇ ಇದೆ.

ಅರಳಿ, ಮಾವು, ಹಲಸಿನ ಎಲೆಗಳಲ್ಲಿ ನರಗಳು ಬಲೆಯಂತೆ ಹೆಣೆದುಕೊಂಡಿರುತ್ತವೆ. ಅರಳಿಯೆಲೆಯನ್ನು ನೀರಿನಲ್ಲಿ ಕೊಳೆಯಿಸಿದರೆ ಉಳಿಯುವುದು ಆ ಬಲೆಯೇ. ತಾಳೆಯಂತಹ ಏಕದಳ ಸಸ್ಯಗಳಲ್ಲಿ ನರಗಳು ಒಂದರ ಪಕ್ಕ ಒಂದು ಸಮಾಂತರವಾಗಿ ಹರಿಯುತ್ತವೆ. ಶ್ರೀತಾಳೆಯ ಒಂದೊಂದು ಎಲೆ ಐದು ಮೀಟರಿನಷ್ಟು ಅಗಲವಾಗಬಲ್ಲದು. ಅಷ್ಟು ದೊಡ್ಡ ಹರವು ಗಾಳಿಗೆ ಮುರಿಯದೆ ಬಿಸಿಲಿಗೆ ಮೈಯೊಡ್ಡಿ ನಿಲ್ಲಬೇಕಾದರೆ ಗಟ್ಟಿತನ ಬೇಕು. ಅದಕ್ಕಾಗಿಯೇ ಎಲೆ ಬೀಸಣಿಗೆಯಂತೆ ಮಡಿಕೆ ಮಡಿಕೆಯಾಗಿದೆ. ನರಗಳ ಜೊತೆಯಲ್ಲಿ ಬಿರುಸಾದ ನಾರುಗಳು ಉದ್ದಕ್ಕೂ ಸಾಗುತ್ತವೆ. ನೀರು ಆವಿಯಾಗಿ ಹೋಗದಂತೆ ಮೈಮೇಲೆ ಮೇಣದ ಪೊರೆಯಿದೆ. ಇವೆಲ್ಲ ಮರವು ತನ್ನ ಬದುಕಿಗಾಗಿ ಮಾಡಿಕೊಂಡ ಏರ್ಪಾಡುಗಳು. ಅವೇ ಮುಂದೆ ಮನುಷ್ಯನಿಗೆ ಪುಟವಾದವು.

ಪೂರ್ತಿ ಬಲಿಯದ ಎಲೆಯನ್ನು ಕೊಯ್ದು ಮಡಿಕೆಗಳ ಗುಂಟ ಸೀಳಿದರೆ ನೇರವಾದ ಪಟ್ಟಿಗಳು ದೊರೆಯುತ್ತವೆ. ನಡುವಿನ ಕಡ್ಡಿಯನ್ನು ತೆಗೆದು, ಪಟ್ಟಿಗಳನ್ನು ನೀರಿನಲ್ಲಿ ಕುದಿಸಿ, ಒಣಗಿಸಿ, ಉಜ್ಜಿ ನಯಗೊಳಿಸಿ, ಒಂದೇ ಅಳತೆಗೆ ಕತ್ತರಿಸಿ, ತೂತು ಕೊರೆದು ದಾರ ಪೋಣಿಸುತ್ತಿದ್ದರು. ದಕ್ಷಿಣದಲ್ಲಿ ಹೆಚ್ಚಾಗಿ ಕಂಠವೆಂಬ ಉಕ್ಕಿನ ಮೊನೆಯಿಂದ ಅಕ್ಷರವನ್ನು ಕೊರೆಯುವ ಪದ್ಧತಿಯಿತ್ತು. ಮೊನೆಯು ಮೇಲ್ಪೊರೆಯನ್ನು ಸೀಳಬೇಕು, ಒಳಗಿನ ನಾರನ್ನು ಕಡಿಯಬಾರದು. ಬಳಿಕ ಎಣ್ಣೆ ಬೆರೆಸಿದ ಮಸಿಯನ್ನು ಸವರಿ ಒರೆಸಿದರೆ ನಯವಾದ ಮೈಮೇಲೆ ಮಸಿ ನಿಲ್ಲದು, ಕೊರೆದ ಗೀರಿನಲ್ಲಿ ಮಾತ್ರ ಉಳಿದು ಅಕ್ಷರ ಮೂಡುತ್ತದೆ.

ನಾರಿನ ದಿಕ್ಕಿನಲ್ಲಿ ಉದ್ದನೆಯ ಗೆರೆ ಎಳೆದರೆ ಗರಿ ಸೀಳುವ ಭಯವುಂಟು. ಕನ್ನಡ, ತೆಲುಗು, ಒಡಿಯಾ ಅಕ್ಷರಗಳು ದುಂಡಾಗಲು ಇದೇ ಕಾರಣವೆಂಬ ಮಾತು ಬಹುಕಾಲದಿಂದ ಪ್ರಚಲಿತ. ಆದರೆ ಬಾದಾಮಿ ಚಾಲುಕ್ಯರ ಕಲ್ಲಿನ ಶಾಸನಗಳಲ್ಲೂ ಅಕ್ಷರಗಳು ಬಾಗಿ ದುಂಡಾಗುತ್ತಿರುವುದನ್ನು ಕಾಣಬಹುದು. ಲಿಪಿಯ ರೂಪಕ್ಕೆ ಎಲೆಯೊಂದನ್ನೇ ಹೊಣೆಯಾಗಿಸುವುದು ಕಷ್ಟ. ಬರೆಯುವ ಕೈ ಎಲೆಯ ಗುಣಕ್ಕೆ ಹೊಂದಿಕೊಂಡಿತು ಎಂಬಷ್ಟನ್ನು ಹೇಳಬಹುದು.

ಎಷ್ಟೇ ಸಂಸ್ಕರಿಸಿದರೂ ಎಲೆ ಎಲೆಯೇ. ಒಣಗುತ್ತ ಹೋದಂತೆ ನಾರು ಪೆಡಸಾಗುತ್ತದೆ, ಅಂಚು ಮುರಿಯುತ್ತದೆ. ತೇವದಲ್ಲಿ ಬೂಷ್ಟು ಹಿಡಿಯುತ್ತದೆ. ಹುಳುಗಳಿಗೆ ಅದು ಆಹಾರ. ಕಠ್ಮಂಡುವಿನ ಕೈಸರ್ ಗ್ರಂಥಾಲಯದಲ್ಲಿ ಕ್ರಿ.ಶ. 878ರ ಸುಶ್ರುತಸಂಹಿತೆಯ ತಾಳೆಗರಿ ಪ್ರತಿಯಿದೆ. ಅಲ್ಲಿನ ತಂಪು ಹವೆ ಅದನ್ನು ಕಾಪಾಡಿತು. ನಮ್ಮ ಮಳೆಯ ನಾಡಿನಲ್ಲಿ ಗರಿಯೊಂದು ಕೆಲವು ಶತಮಾನ ಉಳಿದರೇ ಹೆಚ್ಚು. ಹಾಗಾಗಿ ಇಲ್ಲಿ ಗ್ರಂಥ ಉಳಿಯಲು ಇದ್ದ ದಾರಿ ಒಂದೇ: ಹಳೆಯ ಗರಿ ಮುರಿಯುವ ಮೊದಲು ಯಾರಾದರೂ ಅದನ್ನು ಹೊಸ ಗರಿಗೆ ಇಳಿಸಬೇಕು.

ಈ ನಿಯಮದ ಕಠೋರತೆ ಕವಿರಾಜಮಾರ್ಗದಲ್ಲಿ ಕಾಣುತ್ತದೆ. ಒಂಬತ್ತನೆಯ ಶತಮಾನದ ಆ ಗ್ರಂಥ ವಿಮಳ, ಉದಯ, ನಾಗಾರ್ಜುನ, ಜಯಬಂಧು, ದುರ್ವಿನೀತರೆಂಬ ಗದ್ಯಕಾರರನ್ನು ಹೆಸರಿಸುತ್ತದೆ. ಅವರ ಕನ್ನಡ ಗದ್ಯದ ಒಂದು ಗ್ರಂಥವೂ ನಮಗೆ ದೊರೆತಿಲ್ಲ. ಕವಿರಾಜಮಾರ್ಗ ಮಾತ್ರ ಪ್ರತಿಯಿಂದ ಪ್ರತಿಗೆ ದಾಟಿ ಬಂದು, 1898ರಲ್ಲಿ ಕೆ.ಬಿ. ಪಾಠಕರ ಸಂಪಾದನೆಯಲ್ಲಿ ಅಚ್ಚಾಯಿತು. ಪಾಠಕರು ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದವರು ಎಂಬುದನ್ನು ಹೊರನಾಡಿನ ನಾವು ನೆನೆಯಬೇಕು.

ಎಲೆಯ ಅಲ್ಪಾಯುಷ್ಯವನ್ನು ಚೆನ್ನಾಗಿ ಬಲ್ಲವಳು ಅತ್ತಿಮಬ್ಬೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಆಕೆ ಹಂಚಿದಳೆಂಬುದು ಪ್ರಸಿದ್ಧ. ಅದನ್ನು ದಾನವೆಂದು ಕೊಂಡಾಡುವುದುಂಟು. ಸಂರಕ್ಷಣೆಯ ಕಣ್ಣಿನಿಂದ ನೋಡಿದರೂ ಆ ಕೆಲಸ ಅಷ್ಟೇ ದೊಡ್ಡದು. ಒಂದು ಮನೆಯ ಗರಿಯನ್ನು ಹುಳು ತಿಂದರೆ ಇನ್ನೊಂದು ಊರಿನ ಗರಿ ಉಳಿಯುತ್ತದೆ. ಶಾಂತಿಪುರಾಣ ಇಂದಿಗೂ ನಮ್ಮ ಕೈಯಲ್ಲಿದೆ.

ಇದಕ್ಕೆ ಎದುರಾದ ಕಥೆ ಮೂಡುಬಿದಿರೆಯದು. ಧವಲಾ, ಜಯಧವಲಾ ಮೊದಲಾದ ಜೈನ ಸಿದ್ಧಾಂತ ಗ್ರಂಥಗಳು ಹಳಗನ್ನಡ ಲಿಪಿಯ ಗರಿಗಳಲ್ಲಿ ಅಲ್ಲಿನ ಬಸದಿಯಲ್ಲಿ ಮಾತ್ರ ಉಳಿದಿದ್ದವು. ಭಕ್ತರಿಗೆ ಅವು ದರ್ಶನದ ವಸ್ತುಗಳಾಗಿದ್ದವು, ಓದುವವರು ಇರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಮುಂಬಯಿ, ಸೊಲ್ಲಾಪುರಗಳ ಜೈನ ಶ್ರೀಮಂತರು ಗರಿಗಳು ಶಿಥಿಲವಾಗುತ್ತಿರುವುದನ್ನು ಕಂಡು ಪ್ರತಿ ಮಾಡಿಸಲು ಮುಂದಾದರು. ಕೆಲಸ ಎರಡು ದಶಕಗಳಿಗೂ ಮೀರಿ ನಡೆಯಿತು. ಪ್ರತಿಯೂ ಬಸದಿಯನ್ನು ಬಿಟ್ಟು ಹೋಗಬಾರದೆಂಬ ಕಟ್ಟುಪಾಡಿತ್ತು. ಆದರೂ ಗುಟ್ಟಾಗಿ ಮಾಡಿದ ಒಂದು ಪ್ರತಿ ಉತ್ತರದ ಸಹಾರನ್‌ಪುರವನ್ನು ಸೇರಿತು. ಅದರಿಂದ ಮತ್ತೆ ಪ್ರತಿಗಳು ಹುಟ್ಟಿದವು. 1939ರಲ್ಲಿ ಹೀರಾಲಾಲ್ ಜೈನರ ಸಂಪಾದನೆಯಲ್ಲಿ ಧವಲೆಯ ಮೊದಲ ಸಂಪುಟ ಅಮರಾವತಿಯಿಂದ ಹೊರಬಂದಿತು. ಬಸದಿಯವರ ಭಕ್ತಿಯಿಲ್ಲದಿದ್ದರೆ ಗರಿಗಳು ಅಷ್ಟು ಕಾಲ ಉಳಿಯುತ್ತಿರಲಿಲ್ಲ. ಕಟ್ಟುಪಾಡನ್ನು ಮೀರಿದ ಕೈಯೊಂದು ಇಲ್ಲದಿದ್ದರೆ ಗ್ರಂಥವು ಓದುಗರನ್ನು ತಲುಪಲು ಇನ್ನೆಷ್ಟು ಕಾಲ ಬೇಕಿತ್ತೋ. ಇಬ್ಬರಲ್ಲಿ ಯಾರನ್ನು ಅಪರಾಧಿಯೆನ್ನುವುದು?

2003ರಲ್ಲಿ ಕೇಂದ್ರ ಸರ್ಕಾರವು ರಾಷ್ಟ್ರೀಯ ಹಸ್ತಪ್ರತಿ ಅಭಿಯಾನವನ್ನು ಆರಂಭಿಸಿತು. 1891ರಲ್ಲಿ ಸ್ಥಾಪಿತವಾದ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಂತಹ ಸಂಸ್ಥೆಗಳು ಅದಕ್ಕೆ ಬಹು ಮೊದಲೇ ಈ ಕೆಲಸಕ್ಕಿಳಿದಿದ್ದವು. ಆದರೂ ಊರಿನ ಹಳೆಯ ಮನೆಗಳ ಅಟ್ಟದಲ್ಲಿ, ದೇವರ ಕೋಣೆಯಲ್ಲಿ ಇನ್ನೂ ಕಟ್ಟುಗಳಿವೆ. ಆಯುಧಪೂಜೆಯಂದು ಅರಿಶಿನ ಕುಂಕುಮ ಏರಿಸಿ ಮತ್ತೆ ಕಟ್ಟಿಡುತ್ತಾರೆ. ಮಕ್ಕಳು ಪುಣೆಯಲ್ಲೋ ದೆಹಲಿಯಲ್ಲೋ ನೆಲೆಸಿದ ಮೇಲೆ ಮನೆ ಮಾರಾಟವಾಗುತ್ತದೆ, ಕಟ್ಟು ನದಿಗೆ ಬೀಳುತ್ತದೆ. ಅದರಲ್ಲಿರುವುದು ಪಂಚಾಂಗದ ಲೆಕ್ಕವೋ, ಮನೆಮದ್ದೋ, ಯಾರೂ ಹೆಸರು ಕೇಳದ ಕವಿಯೊಬ್ಬನ ಕೃತಿಯೋ ಬಿಚ್ಚಿ ನೋಡದೆ ತಿಳಿಯದು. ಮುಂದಿನ ಸಲ ಊರಿಗೆ ಹೋದಾಗ ಅಂತಹ ಕಟ್ಟು ಕಣ್ಣಿಗೆ ಬಿದ್ದರೆ, ಓದಬಲ್ಲವರಿಗೆ ತೋರಿಸಿ, ಪ್ರತಿ ಗರಿಯ ಎರಡೂ ಬದಿಯ ಚಿತ್ರ ತೆಗೆಸಿಡುವುದು ಒಂದು ಮಧ್ಯಾಹ್ನದ ಕೆಲಸ. ವಿಮಳ, ಉದಯರ ಗರಿಗಳಿಗೆ ಆ ಒಂದು ಮಧ್ಯಾಹ್ನ ಸಿಗಲಿಲ್ಲ.