ಜಠರದ ಹಳೆಯ ಸೋಂಕು: ಹೆಲಿಕೋಬ್ಯಾಕ್ಟರ್ ಪೈಲೋರಿ ಚಿಕಿತ್ಸೆಯಲ್ಲಿ ಕಾಲದ ಪಾತ್ರ

ಸಾರಾಂಶ

ಹೆಲಿಕೋಬ್ಯಾಕ್ಟರ್ ಪೈಲೋರಿ ಸೋಂಕು ಔಷಧ ಸೇವಿಸಿದ ಮೇಲೂ ಉಳಿದುಬಿಡುವ ಪ್ರಸಂಗಗಳು ಕಡಿಮೆಯೇನಲ್ಲ. ಜಠರದ ಆಮ್ಲ, ಬ್ಯಾಕ್ಟೀರಿಯಾದ ಔಷಧ ನಿರೋಧ, ಅರ್ಧಕ್ಕೆ ನಿಂತ ಸೇವನೆ ಎಂಬ ಮೂರು ಕಾರಣಗಳನ್ನು ಈ ಲೇಖನ ಪರಿಶೀಲಿಸುತ್ತದೆ. ಸೋಂಕು ತೊಲಗಿತೆಂದು ಖಚಿತಪಡಿಸುವ ಪರೀಕ್ಷೆಯೂ ಚಿಕಿತ್ಸೆಯ ಅಂಗವೆಂಬುದು ಇಲ್ಲಿನ ವಾದ.

1. ಪೀಠಿಕೆ

ಕಳೆದ ಶತಮಾನದ ಮಧ್ಯಭಾಗದಲ್ಲಿ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯ ಶಸ್ತ್ರವೈದ್ಯರಾಗಿದ್ದ ಫ್ರಾಂಕ್ ಟೋವಿ, ಸಣ್ಣ ಕರುಳಿನ ಆರಂಭಭಾಗವಾದ ಡುವೋಡಿನಮ್‌ನ ಹುಣ್ಣಿನಿಂದ ನರಳುವವರನ್ನು ದೊಡ್ಡ ಸಂಖ್ಯೆಯಲ್ಲಿ ಕಂಡರು. ಅನ್ನ ಉಣ್ಣುವ ದಕ್ಷಿಣದಲ್ಲಿ ಈ ರೋಗ ಹೆಚ್ಚು, ಗೋಧಿ ತಿನ್ನುವ ಉತ್ತರದಲ್ಲಿ ಕಡಿಮೆ ಎಂಬುದನ್ನು ಗುರುತಿಸಿ ಅವರು ಕಾರಣವನ್ನು ಆಹಾರದಲ್ಲಿ ಅರಸಿದರು. ಹುಣ್ಣೆಂದರೆ ಆಮ್ಲದ ರೋಗ, ಔಷಧಕ್ಕೆ ಬಗ್ಗದಿದ್ದರೆ ಶಸ್ತ್ರಕ್ರಿಯೆ ಎಂಬುದು ಆಗಿನ ತಿಳಿವಳಿಕೆ.

1979ರಲ್ಲಿ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ರೋಗಶಾಸ್ತ್ರಜ್ಞ ರಾಬಿನ್ ವಾರನ್ ಜಠರದ ಊತಕದಲ್ಲಿ ಬಾಗಿದ ಬ್ಯಾಕ್ಟೀರಿಯಾಗಳನ್ನು ಕಂಡರು. ಬ್ಯಾರಿ ಮಾರ್ಷಲ್ ಜೊತೆಗೂಡಿ ಅವನ್ನು ಬೆಳೆಸುವ ಯತ್ನಗಳು ಮತ್ತೆ ಮತ್ತೆ ವಿಫಲವಾದವು. ಎರಡು ದಿನಗಳಲ್ಲಿ ಬಿಸಾಡಲಾಗುತ್ತಿದ್ದ ತಟ್ಟೆಗಳು 1982ರ ಈಸ್ಟರ್ ರಜೆಯ ಕಾರಣ ಹೆಚ್ಚು ದಿನ ಉಳಿದಾಗ ಬ್ಯಾಕ್ಟೀರಿಯಾ ಬೆಳೆದಿತ್ತು; ಅದೇ ಹೆಲಿಕೋಬ್ಯಾಕ್ಟರ್ ಪೈಲೋರಿ. ಈ ಶೋಧಕ್ಕೆ 2005ರ ನೊಬೆಲ್ ಸಂದಿತು. ಸೋಂಕಿಗೂ ಹುಣ್ಣಿಗೂ ಇರುವ ನಂಟು ಸ್ಥಿರಪಟ್ಟಿತಾದರೂ, ಸೋಂಕಿತರಲ್ಲಿ ಕೆಲವರಿಗಷ್ಟೇ ಏಕೆ ಹುಣ್ಣಾಗುತ್ತದೆ ಎಂಬಲ್ಲಿ ಟೋವಿಯವರ ಪ್ರಶ್ನೆಗೆ ಇಂದಿಗೂ ಜೀವವಿದೆ.

ನಿಧಾನವಾಗಿ ಬೆಳೆಯುವುದು ಈ ಜೀವಿಯ ಸ್ವಭಾವ. ಅದನ್ನು ಅಲಕ್ಷಿಸಿದ ಚಿಕಿತ್ಸೆ ಸೋಲುತ್ತದೆ.

2. ಆಮ್ಲದೊಳಗಿನ ಬದುಕು

ಈ ಸೋಂಕು ಹೆಚ್ಚಾಗಿ ಬಾಲ್ಯದಲ್ಲೇ, ಮನೆಮಂದಿಯ ಒಡನಾಟದಲ್ಲಿ ತಗಲಿ, ಚಿಕಿತ್ಸೆಯಿಲ್ಲದಿದ್ದರೆ ಬಹುಮಟ್ಟಿಗೆ ಜೀವನಪರ್ಯಂತ ಉಳಿಯುತ್ತದೆ. ಬ್ಯಾಕ್ಟೀರಿಯಾದ ಯೂರಿಯೇಸ್ ಕಿಣ್ವವು ಯೂರಿಯಾವನ್ನು ಒಡೆದು ಅಮೋನಿಯಾ ಉಂಟುಮಾಡಿ ಸುತ್ತಲಿನ ಆಮ್ಲವನ್ನು ತಗ್ಗಿಸುತ್ತದೆ. ಬಳಿಕ ಅದು ಜಠರದ ಲೋಳೆಪದರದೊಳಗೆ ಈಜಿ ಸೇರಿಕೊಳ್ಳುತ್ತದೆ.

ಆಮ್ಲೀಯತೆ ಹೆಚ್ಚಿರುವಾಗ ಬ್ಯಾಕ್ಟೀರಿಯಾ ಸಾಯದೆ, ವಿಭಜನೆಯನ್ನಷ್ಟೇ ನಿಲ್ಲಿಸುತ್ತದೆ. ಅಮಾಕ್ಸಿಸಿಲಿನ್ ಕೊಲ್ಲುವುದು ಮುಖ್ಯವಾಗಿ ವಿಭಜಿಸುತ್ತಿರುವ ಕೋಶಗಳನ್ನು. ಆದ್ದರಿಂದ ಚಿಕಿತ್ಸೆಯಲ್ಲಿ ಆಮ್ಲ ತಗ್ಗಿಸುವ ಮಾತ್ರೆ ಇರುವುದು ಎದೆ ಉರಿಯ ಶಮನಕ್ಕಷ್ಟೇ ಅಲ್ಲ. ಅದು ಬ್ಯಾಕ್ಟೀರಿಯಾವನ್ನು ವಿಭಜನೆಯತ್ತ ತಂದು ಆಂಟಿಬಯಾಟಿಕ್‌ಗೆ ಗುರಿಯಾಗಿಸುತ್ತದೆ. ಒಮೆಪ್ರಜೋಲ್‌ನಂಥ ಔಷಧಗಳನ್ನು ಕೆಲವರ ಯಕೃತ್ತು ಬೇಗ ಕರಗಿಸಿಬಿಡುವುದರಿಂದ ಅವರಲ್ಲಿ ಈ ನೆರವು ಕುಂದುತ್ತದೆ. ಜಪಾನಿನಲ್ಲಿ 2015ರಲ್ಲಿ ಬಳಕೆಗೆ ಬಂದ, ಆಮ್ಲ ತಗ್ಗಿಸುವ ಮತ್ತೊಂದು ಔಷಧವಾದ ವೊನೊಪ್ರಜಾನ್‌ಗೆ ಈ ತೊಡಕು ಕಡಿಮೆ.

3. ನಿರೋಧದ ಎರಡು ಬಗೆ

ಕ್ಲಾರಿತ್ರೋಮೈಸಿನ್ ಬ್ಯಾಕ್ಟೀರಿಯಾದ ರೈಬೋಸೋಮ್‌ಗೆ ಅಂಟಿಕೊಂಡು ಪ್ರೋಟೀನ್ ತಯಾರಿಕೆಯನ್ನು ತಡೆಯುತ್ತದೆ. ಆ ರೈಬೋಸೋಮ್‌ನ 23ಎಸ್ ಆರ್‌ಎನ್‌ಎಯ 2143ನೇ ಸ್ಥಾನದಲ್ಲಿ ಅಡೆನಿನ್ ಬದಲು ಗ್ವಾನಿನ್ ಬಂದರೆ ಸಾಕು, ಔಷಧದ ಹಿಡಿತ ತಪ್ಪುತ್ತದೆ. ಆಮೇಲೆ ಪ್ರಮಾಣ ಹೆಚ್ಚಿಸಿದರೂ ಫಲ ಕಾಣದು. ಕೆಮ್ಮು, ಗಂಟಲು ನೋವಿಗೆಂದು ಔಷಧದಂಗಡಿಯಿಂದ ತಂದು ನುಂಗಿದ ಅಜಿತ್ರೋಮೈಸಿನ್ ಕೂಡ ಇದೇ ವರ್ಗದ್ದಾಗಿ ಇಂಥ ನಿರೋಧಕ್ಕೆ ಎಡೆಮಾಡಬಲ್ಲದಾದ್ದರಿಂದ, ಅಂಥ ಹಿಂದಿನ ಬಳಕೆಯನ್ನು ವೈದ್ಯರು ಕೇಳಿ ತಿಳಿಯಬೇಕು.

ಮೆಟ್ರೋನಿಡಜೋಲ್ ನಿರೋಧ ಭಾರತದಲ್ಲಿ ಹೆಚ್ಚು. ಆದರೆ ಅದರ ಸ್ವರೂಪ ಬೇರೆ: ಬಿಸ್ಮತ್ ಜೊತೆಗೆ, ಸಾಕಷ್ಟು ಪ್ರಮಾಣದಲ್ಲಿ, ಸಾಕಷ್ಟು ದಿನ ಕೊಟ್ಟರೆ ಆ ನಿರೋಧವನ್ನು ಬಹುಪಾಲು ಮೀರಬಹುದು. ಟೆಟ್ರಾಸೈಕ್ಲಿನ್ ಮತ್ತು ಅಮಾಕ್ಸಿಸಿಲಿನ್‌ಗೆ ನಿರೋಧ ಸಾಮಾನ್ಯವಾಗಿ ವಿರಳ.

4. ಹದಿನಾಲ್ಕು ದಿನಗಳು

ಕ್ಲಾರಿತ್ರೋಮೈಸಿನ್ ನಿರೋಧ ಶೇ. 15 ಮೀರಿದ ಅಥವಾ ಅದರ ಮಟ್ಟವೇ ತಿಳಿಯದ ಪ್ರದೇಶಗಳಲ್ಲಿ 2022ರ ಮಾಸ್ಟ್ರಿಕ್ಟ್ ಮಾರ್ಗಸೂಚಿ ಬಿಸ್ಮತ್ ಸಹಿತ ನಾಲ್ಕು ಔಷಧಗಳ ಚಿಕಿತ್ಸೆಯನ್ನು ಮೊದಲಿಗಿಡುತ್ತದೆ. ಆಮ್ಲ ತಗ್ಗಿಸುವ ಔಷಧ, ಬಿಸ್ಮತ್, ಟೆಟ್ರಾಸೈಕ್ಲಿನ್, ಮೆಟ್ರೋನಿಡಜೋಲ್ ಇವೇ ಆ ನಾಲ್ಕು. ಹಿಂದೆ ರೂಢಿಯಲ್ಲಿದ್ದ ಏಳು ದಿನಗಳ ಕ್ರಮ ಈಗ ಹದಿನಾಲ್ಕಕ್ಕೆ ಏರಿದೆ.

ದಿನಕ್ಕೆ ಹತ್ತಾರು ಮಾತ್ರೆ ನುಂಗುವುದು ಸುಲಭವಲ್ಲ. ಬಾಯಿ ಲೋಹದ ರುಚಿಗೆ ತಿರುಗುತ್ತದೆ, ವಾಕರಿಕೆ ಬರುತ್ತದೆ. ಬಿಸ್ಮತ್‌ನಿಂದ ಮಲ ಕಪ್ಪಾದಾಗ ರಕ್ತಸ್ರಾವವೆಂದು ಹೆದರಿ ಮಾತ್ರೆ ಬಿಡುವವರಿದ್ದಾರೆ. ಇದನ್ನು ಮೊದಲೇ ಹೇಳಿ ಧೈರ್ಯ ತುಂಬಲು ತಗಲುವ ಐದು ನಿಮಿಷ, ಔಷಧದ ಆಯ್ಕೆಯಷ್ಟೇ ಬೆಲೆಯುಳ್ಳದ್ದು. ಒಂದು ವೇಳೆ ಕ್ಲಾರಿತ್ರೋಮೈಸಿನ್ ಇದ್ದ ಚಿಕಿತ್ಸೆ ಸೋತರೆ, ಅದನ್ನೇ ಮತ್ತೆ ಬರೆಯಬಾರದು. ಸಾಧ್ಯವಿದ್ದಲ್ಲಿ ನಿರೋಧ ಪರೀಕ್ಷೆ ಮಾಡಿಸಿ ಮುಂದುವರಿಯಬೇಕು.

5. ಖಚಿತಪಡಿಸುವ ಹೊಣೆ

ನೋವು ಶಮನವಾದ ಮಾತ್ರಕ್ಕೆ ಸೋಂಕು ಹೋಯಿತೆನ್ನಲಾಗದು. ಆಂಟಿಬಯಾಟಿಕ್ ಮುಗಿದು ಕನಿಷ್ಠ ನಾಲ್ಕು ವಾರಗಳ ಬಳಿಕ ಯೂರಿಯಾ ಉಸಿರು ಪರೀಕ್ಷೆ ಅಥವಾ ಮಲದ ಪ್ರತಿಜನಕ ಪರೀಕ್ಷೆ ಆಗಬೇಕು. ರಕ್ತದ ಪ್ರತಿಕಾಯ ಪರೀಕ್ಷೆ ಇದಕ್ಕೆ ಸಲ್ಲದು, ಏಕೆಂದರೆ ಸೋಂಕು ಹೋದ ಮೇಲೂ ಪ್ರತಿಕಾಯಗಳು ಬಹುಕಾಲ ಉಳಿಯುತ್ತವೆ.

ನಮ್ಮಲ್ಲಿ ಎದೆ ಉರಿ, ಹುಳಿತೇಗು, ಹೊಟ್ಟೆಯುಬ್ಬರ ಎಲ್ಲಕ್ಕೂ 'ಗ್ಯಾಸ್ಟ್ರಿಕ್' ಎಂಬ ಒಂದೇ ಹೆಸರು, ಬೆಳಿಗ್ಗೆ ಬರಿಹೊಟ್ಟೆಗೆ ಆಮ್ಲ ತಗ್ಗಿಸುವ ಒಂದೇ ಮಾತ್ರೆ. ಆ ಮಾತ್ರೆ ಬ್ಯಾಕ್ಟೀರಿಯಾದ ಸಂಖ್ಯೆಯನ್ನು ತಾತ್ಕಾಲಿಕವಾಗಿ ತಗ್ಗಿಸಿ, ಇರುವ ಸೋಂಕನ್ನು ಪರೀಕ್ಷೆಯಲ್ಲಿ ಮರೆಮಾಡಬಲ್ಲದು. ಹಾಗಾಗಿ ಪರೀಕ್ಷೆಗೆ ಎರಡು ವಾರ ಮುಂಚೆ ಅದನ್ನು ನಿಲ್ಲಿಸಬೇಕು.

6. ಸಮಾರೋಪ

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕವು 1994ರಲ್ಲೇ ಈ ಸೋಂಕನ್ನು ಮಾನವರಲ್ಲಿ ಕ್ಯಾನ್ಸರ್‌ಕಾರಕವೆಂದು ಮೊದಲ ವರ್ಗಕ್ಕೆ ಸೇರಿಸಿತು. ಸೋಂಕಿತರಲ್ಲಿ ಬಹುಮಂದಿಗೆ ಕ್ಯಾನ್ಸರ್ ಬರುವುದಿಲ್ಲ. ಆದರೂ ಚಿಕಿತ್ಸೆ ಆರಂಭಿಸಿದ ಮೇಲೆ ಅದನ್ನು ಅರೆಬರೆಯಾಗಿ ಬಿಡುವಂತಿಲ್ಲ, ಏಕೆಂದರೆ ಪ್ರತಿ ಸೋಲೂ ಮುಂದಿನ ಆಯ್ಕೆಗಳನ್ನು ಕಿರಿದಾಗಿಸುತ್ತದೆ. ಹದಿನಾಲ್ಕು ದಿನದ ಔಷಧ, ನಾಲ್ಕು ವಾರದ ಕಾಯುವಿಕೆ, ಒಂದು ಪರೀಕ್ಷೆ: ಈ ಮೂರನ್ನೂ ಒಂದೇ ಚೀಟಿಯಲ್ಲಿ, ಮೊದಲ ದಿನವೇ ಬರೆದು ರೋಗಿಯ ಕೈಗೆ ಕೊಡಬೇಕು.