ಮಂಗನ ಕಾಯಿಲೆಯ ಲಸಿಕೆ: ಆರು ದಶಕಗಳ ಲೆಕ್ಕ

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮುಸಿಯಗಳೂ ಮಂಗಗಳೂ ಸಾಲುಸಾಲಾಗಿ ಸತ್ತವು. ಅದೇ ಕಾಡಿಗೆ ಸೊಪ್ಪು, ಸೌದೆಗೆಂದು ಹೋಗಿ ಬಂದವರು ಜ್ವರ, ತಲೆನೋವು, ಮೈಕೈ ನೋವಿನಿಂದ ಹಾಸಿಗೆ ಹಿಡಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ಬಂದ ಟೆಲ್‌ಫೋರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮತ್ತು ಸಂಗಡಿಗರಿಗೆ ಇದು ಹಳದಿ ಜ್ವರವಿರಬಹುದೇ ಎಂಬ ಆತಂಕವಿತ್ತು. ಪರೀಕ್ಷೆಯಲ್ಲಿ ಸಿಕ್ಕಿದ್ದು ಅದುವರೆಗೆ ಯಾರೂ ಕಂಡಿರದ ವೈರಸ್. ರಷ್ಯಾದ ಕಾಡುಗಳಲ್ಲಿ ಮಿದುಳುಜ್ವರ ತರುವ ವೈರಸ್ಸಿಗೆ ಅದು ದಾಯಾದಿ, ಹರಡುತ್ತಿದ್ದುದು ಉಣುಗು. ಮೊದಲ ಹದಿನೈದು ವರ್ಷ ಕಾಯಿಲೆ ಸಾಗರ, ಸೊರಬ, ಶಿಕಾರಿಪುರ ತಾಲ್ಲೂಕುಗಳ ಆಚೆ ಹೆಚ್ಚು ಹೋಗಲಿಲ್ಲ. ಹಾಗಾಗಿ ಈ ಲಸಿಕೆಯ ಚರಿತ್ರೆಯ ಮೊದಲ ಪುಟಗಳೆಲ್ಲ ಈ ಮೂರು ತಾಲ್ಲೂಕುಗಳ ಜನರ ತೋಳಿನ ಮೇಲೆಯೇ ಬರೆಯಲ್ಪಟ್ಟವು.

ಕೋವಿಡ್ ಕಾಲದಲ್ಲಿ ದೇಶವೆಲ್ಲ ಕೇಳಿದ ಪ್ರಶ್ನೆಗಳನ್ನು ಇಲ್ಲಿಯವರು ಎಂದೋ ಎದುರಿಸಿದ್ದರು. ಒಂದು ಡೋಸ್ ಸಾಕೇ? ಎರಡನೆಯದಕ್ಕೆ ಎಷ್ಟು ದಿನ ಕಾಯಬೇಕು? ಬೂಸ್ಟರ್ ಏಕೆ? ಲಸಿಕೆ ಹಾಕಿಸಿಕೊಂಡವನಿಗೂ ಜ್ವರ ಬಂತಲ್ಲ?

ಮೊದಲು ತಂದದ್ದು ಪರದೇಶದ ಮದ್ದು. ವೈರಸ್ ರಷ್ಯಾದ ಜ್ವರಕ್ಕೆ ಹತ್ತಿರದ್ದಾದ್ದರಿಂದ ಅದರ ಲಸಿಕೆ ಇಲ್ಲಿಯೂ ನಾಟೀತು ಎಂಬ ಲೆಕ್ಕಾಚಾರ. ಇಲಿಯ ಮಿದುಳಿನಲ್ಲಿ ಬೆಳೆಸಿ ಫಾರ್ಮಲಿನ್ ಹಾಕಿ ನಿಷ್ಕ್ರಿಯಗೊಳಿಸಿದ ಆ ಲಸಿಕೆಯನ್ನು 1950ರ ದಶಕದ ಕೊನೆಗೆ ಹಳ್ಳಿಗರಿಗೆ ಕೊಟ್ಟು ನೋಡಿದರು. ಕಾಯಿಲೆ ತಗ್ಗಲಿಲ್ಲ. ಆ ಸೋಲನ್ನು ಸಂಶೋಧಕರು ಮುಚ್ಚಿಡದೆ ಪ್ರಕಟಿಸಿದರು ಎಂಬುದಕ್ಕೆ ನಾವು ಕೃತಜ್ಞರಾಗಿರಬೇಕು. ಸಂಬಂಧಿ ವೈರಸ್ಸಿನ ಲಸಿಕೆ ಸಾಲದು, ಇಲ್ಲಿಯ ವೈರಸ್ಸಿನಿಂದಲೇ ಮಾಡಬೇಕು ಎಂಬುದು ಅದರಿಂದಲೇ ಖಚಿತವಾಯಿತು. 1960ರ ದಶಕದಲ್ಲಿ ಕೋಳಿಮೊಟ್ಟೆಯ ಭ್ರೂಣದ ಜೀವಕೋಶಗಳಲ್ಲಿ ಕ್ಯಾಸನೂರಿನ ವೈರಸ್ಸನ್ನೇ ಬೆಳೆಸಿ, ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿದ ಲಸಿಕೆ ಸಿದ್ಧವಾಯಿತು. ಮುಂದೆ ಬೆಂಗಳೂರು ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ ಅದನ್ನು ತಯಾರಿಸಿಕೊಟ್ಟಿತು.

ಇದರ ಶಕ್ತಿ ಎಷ್ಟು ಎಂಬುದಕ್ಕೆ ದೊಡ್ಡ ಉತ್ತರ ಬಂದದ್ದು 1990ರಿಂದ 1992ರವರೆಗೆ ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ನಡೆದ ಪರಿಶೀಲನೆಯಿಂದ. ದಾಂಡಾವತೆ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ಪ್ರಕಾರ ಒಂದು ಡೋಸ್‌ನ ಪರಿಣಾಮ ಶೇ 79.3, ಎರಡರದ್ದು ಶೇ 93.5. ಈ ಅಂಕಿಗಳನ್ನು ಎರಡು ದಶಕ ಎಲ್ಲರೂ ನಂಬಿದರು.

ಶೇ 93 ಎಂದರೆ ನೂರರಲ್ಲಿ ತೊಂಬತ್ಮೂರು ಜನರಿಗೆ ಕಾಯಿಲೆಯೇ ತಟ್ಟದು, ಉಳಿದ ಏಳು ಜನರಿಗೆ ತಟ್ಟಿಯೇ ತೀರುತ್ತದೆ ಎಂದು ಅನೇಕರು ತಿಳಿಯುತ್ತಾರೆ. ಹಾಗಲ್ಲ. ಲಸಿಕೆ ಪಡೆಯದ ಸಾವಿರ ಜನರಲ್ಲಿ ಹತ್ತು ಮಂದಿಗೆ ಕಾಯಿಲೆ ಬಂದು, ಪಡೆದ ಸಾವಿರದಲ್ಲಿ ನಾಲ್ವರಿಗೆ ಬಂದರೆ ಪರಿಣಾಮ ಶೇ 60 ಎನ್ನುತ್ತಾರೆ. ಅದು ಎರಡು ಗುಂಪುಗಳ ಹೋಲಿಕೆ. ಗುಂಪುಗಳು ಒಂದೇ ತೆರನಾಗಿರದಿದ್ದರೆ ಅಂಕಿಯೂ ದಾರಿ ತಪ್ಪುತ್ತದೆ. ದಿನವೂ ಕಾಡಿಗೆ ಹೋಗುವವರೇ ಹೆದರಿ ಲಸಿಕೆ ಹಾಕಿಸಿಕೊಂಡು, ಮನೆಯಲ್ಲೇ ಇರುವವರು ಬಿಟ್ಟರೆ ಒಳ್ಳೆಯ ಲಸಿಕೆಯೂ ಸೋತಂತೆ ಕಾಣುತ್ತದೆ. ಉಲ್ಟಾ ಆದರೆ ದುರ್ಬಲ ಲಸಿಕೆಗೂ ಹೆಚ್ಚು ಅಂಕ ಬರುತ್ತದೆ.

2013ರಲ್ಲಿ ಡಾ. ಗುಡದಪ್ಪ ಕಸಬಿ ಮತ್ತು ಸಂಗಡಿಗರು 2005ರಿಂದ 2010ರವರೆಗಿನ ಕರ್ನಾಟಕದ ದಾಖಲೆಗಳನ್ನು ಒರೆಗೆ ಹಚ್ಚಿದಾಗ ಬೇರೆಯೇ ಚಿತ್ರ ಮೂಡಿತು. ಒಂದು ಡೋಸ್‌ನಿಂದ ರಕ್ಷಣೆ ಸಿಕ್ಕಿದ ಲಕ್ಷಣವಿಲ್ಲ. ಎರಡು ಡೋಸ್‌ಗೆ ಶೇ 62.4. ಎರಡರ ಮೇಲೆ ಬೂಸ್ಟರ್ ಪಡೆದವರಲ್ಲಿ ಮಾತ್ರ ಶೇ 82.9. ನನ್ನ ಮಟ್ಟಿಗೆ ಮಲೆನಾಡಿನ ಆರೋಗ್ಯ ಚರಿತ್ರೆಯಲ್ಲಿ ಇಷ್ಟು ಮುಖ್ಯವಾದ ಅಂಕಿಗಳು ಹೆಚ್ಚಿಲ್ಲ. ಒಂದು ಸೂಜಿ ಚುಚ್ಚಿಸಿಕೊಂಡು ನಿಶ್ಚಿಂತೆಯಿಂದ ಕಾಡಿಗೆ ಹೋದವರು, ವಾಸ್ತವದಲ್ಲಿ ಏನನ್ನೂ ಹಾಕಿಸಿಕೊಳ್ಳದವರ ಸಾಲಿನಲ್ಲೇ ಇದ್ದರು.

ಈ ಲಸಿಕೆಯ ಡೋಸ್‌ಗಳ ಪಟ್ಟಿಯೂ ಉದ್ದವಾಗಿತ್ತು. ತಿಂಗಳ ಅಂತರದಲ್ಲಿ ಎರಡು, ಆರರಿಂದ ಒಂಬತ್ತು ತಿಂಗಳಲ್ಲಿ ಬೂಸ್ಟರ್, ಆಮೇಲೆ ಆ ಭಾಗದಲ್ಲಿ ಕೊನೆಯ ಪ್ರಕರಣ ಕಂಡ ಬಳಿಕವೂ ಐದು ವರ್ಷ ವರ್ಷಕ್ಕೊಂದು. ರೋಗ ಕಂಡ ಊರಿನ ಸುತ್ತ ಐದು ಕಿಲೋಮೀಟರ್ ಒಳಗಿನವರಿಗೆ ಇದು ಅನ್ವಯಿಸುತ್ತಿತ್ತು. ನಿಷ್ಕ್ರಿಯ ವೈರಸ್ ದೇಹದಲ್ಲಿ ಬೆಳೆಯುವುದಿಲ್ಲ. ಅದು ಮೂಡಿಸುವ ನೆನಪು ಬೇಗ ಮಾಸುತ್ತದೆ, ಮತ್ತೆ ಮತ್ತೆ ನೆನಪಿಸಬೇಕು. ಉಣುಗಿನ ಮರಿಗಳ ಕಾಟ ಡಿಸೆಂಬರಿನಿಂದ ಮೇವರೆಗೆ. ಅದಕ್ಕೆ ಮುಂಚೆ, ಮಳೆಗಾಲದ ಕೊನೆಯಲ್ಲಿ ಸೂಜಿ ಬೀಳಬೇಕಿತ್ತು. ಗದ್ದೆ, ತೋಟದ ಕೆಲಸ ಬಿಗಿಯಾಗಿರುವ ಹೊತ್ತು ಅದು. ಚುಚ್ಚಿದ ಜಾಗ ಬಾತುಕೊಂಡು ನೋಯುತ್ತಿತ್ತು, ಕೂಲಿ ತಪ್ಪುತ್ತಿತ್ತು. ಎರಡನೆಯ ಡೋಸ್‌ಗೆ ಬಾರದವರನ್ನು ಅಜ್ಞಾನಿಗಳೆಂದು ಬೈದ ಅಧಿಕಾರಿಗಳ ಬಗ್ಗೆ ನನಗೆ ಸಿಟ್ಟಿದೆ. ದಿನಗೂಲಿ ಕಟ್ಟಿಕೊಟ್ಟು ಕರೆದಿದ್ದರೆ ಎಷ್ಟೋ ಜನ ಬರುತ್ತಿದ್ದರು.

ಡೋಸ್‌ಗಳ ನಡುವಿನ ಅಂತರದ ಪ್ರಶ್ನೆ ಎಷ್ಟು ನಾಜೂಕಿನದು ಎಂಬುದು ಕೋವಿಡ್‌ನಲ್ಲಿ ಎಲ್ಲರಿಗೂ ಗೊತ್ತಾಯಿತು. 2021ರ ಜನವರಿ 16ರಂದು ಅಭಿಯಾನ ಶುರುವಾದಾಗ ಕೋವಿಶೀಲ್ಡ್‌ಗೆ 4ರಿಂದ 6 ವಾರದ ಅಂತರ. ಮಾರ್ಚ್‌ನಲ್ಲಿ 6ರಿಂದ 8, ಮೇನಲ್ಲಿ 12ರಿಂದ 16 ವಾರ. ಲಸಿಕೆ ಕೊರತೆಯಿಂದ ಹೀಗೆ ಎಳೆಯುತ್ತಿದ್ದಾರೆ ಎಂಬ ಅನುಮಾನ ಊರೂರಲ್ಲೂ ಇತ್ತು. ಕೊರತೆ ಇದ್ದದ್ದು ನಿಜ. ಆದರೆ ವಿದೇಶಿ ಪ್ರಯೋಗಗಳಲ್ಲಿ ಅದೇ ಲಸಿಕೆ ಆರು ವಾರದೊಳಗಿನ ಅಂತರಕ್ಕೆ ಶೇ 55, ಹನ್ನೆರಡು ವಾರ ದಾಟಿದ ಅಂತರಕ್ಕೆ ಶೇ 81 ಪರಿಣಾಮ ತೋರಿದ್ದೂ ನಿಜ. ಎರಡನ್ನೂ ಜನರ ಮುಂದೆ ಒಟ್ಟಿಗೆ ಇಟ್ಟು ಹೇಳಿದವರು ಕಡಿಮೆ.

ಕ್ಯಾಸನೂರಿನ ಲಸಿಕೆಗೆ ಅಂಥ ಮರುಪರಿಶೀಲನೆ ಬಹುಕಾಲ ಸಿಗಲಿಲ್ಲ. ರೋಗ ಮಾತ್ರ ನಿಲ್ಲಲಿಲ್ಲ. 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿಯ ಕಡೆ ಕಾಡು ಕಡಿದ ಜಾಗದಲ್ಲಿ ಭೀಕರವಾಗಿ ಎದ್ದಿತು. 2012ರಿಂದೀಚೆಗೆ ಬಂಡೀಪುರ, ವಯನಾಡು, ಗೋವಾ ತಲುಪಿತು. 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಮನೆಮನೆಗೂ ಸಾವಿನ ಭಯ ತಂದಿತು. ಲಸಿಕೆ ಮಾತ್ರ 1957ರ ಕಾಲದ ತಳಿಯಿಂದಲೇ ತಯಾರಾಗುತ್ತಿತ್ತು. ಕಡೆಗೆ 2022ರಲ್ಲಿ, ಪರಿಣಾಮ ಸಾಲದೆಂದು ಸರ್ಕಾರ ಅದನ್ನು ನಿಲ್ಲಿಸಿತು. ನಿಲ್ಲಿಸಿದ್ದು ಸರಿ. ಬದಲಿಯೊಂದು ಕೈಯಲ್ಲಿಲ್ಲದ ಹೊತ್ತಿನವರೆಗೆ ತಳ್ಳಿಕೊಂಡು ಬಂದದ್ದು ತಪ್ಪು. ಕೆಲವೇ ಜಿಲ್ಲೆಗಳ ಕೂಲಿಗಳಿಗೆ, ಅಡಿಕೆ ಬೆಳೆಗಾರರಿಗೆ ಬರುವ ಕಾಯಿಲೆ ದೊಡ್ಡ ಕಂಪನಿಗಳಿಗೆ ಮಾರುಕಟ್ಟೆಯಲ್ಲ. ಅಂಥಲ್ಲಿ ಸರ್ಕಾರವೇ ಮುಂಚೂಣಿಯಲ್ಲಿ ನಿಲ್ಲಬೇಕಿತ್ತು.

ಈಗ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಹೈದರಾಬಾದಿನ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಸಂಸ್ಥೆಯೂ ಸೇರಿ ಹೊಸ ಲಸಿಕೆ ರೂಪಿಸುತ್ತಿವೆ. ಅದು ಹಳ್ಳಿಗೆ ಬರುವ ದಿನ ಸೊರಬ, ಶಿಕಾರಿಪುರದ ಗ್ರಾಮಸಭೆಗಳು ಮೂರು ಪ್ರಶ್ನೆ ಕೇಳಲಿ: ರಕ್ಷಣೆ ಎಷ್ಟು ತಿಂಗಳು ನಿಲ್ಲುತ್ತದೆ, ಒಂದೇ ಡೋಸ್ ಪಡೆದವನ ಗತಿಯೇನು, ಪ್ರತಿ ವರ್ಷದ ಲೆಕ್ಕವನ್ನು ಯಾರು ಪ್ರಕಟಿಸುತ್ತಾರೆ? ಅಲ್ಲಿಯವರೆಗೆ ಕಾಡಿಗೆ ಹೋಗುವವರು ಉಣುಗನ್ನು ದೂರವಿಡುವ ಡೆಪಾ ತೈಲ ಹಚ್ಚಿಕೊಳ್ಳಿ. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಕಾಡಿಗೆ ಹೋಗಿ ಬಂದ ಮೇಲೆ ಜ್ವರ ಬಂದರೆ ಮಾತ್ರೆ ನುಂಗಿ ಸುಮ್ಮನಿರದೆ ಅಂದೇ ರಕ್ತ ಪರೀಕ್ಷೆ ಮಾಡಿಸಿ.