ದರೋಜಿಯ ಕರಡಿ, ತುಂಗಭದ್ರೆಯ ನೀರುನಾಯಿ

ಹಂಪಿಯ ಬಂಡೆಗಳ ಸಾಲು ಸಂಡೂರಿನ ಕಡೆಗೆ ಹಬ್ಬುವ ಸೀಮೆಯಲ್ಲಿ ದರೋಜಿ ಕರಡಿಧಾಮವಿದೆ. 1994ರಲ್ಲಿ ಘೋಷಿತವಾದ ಈ ಧಾಮದಲ್ಲಿ ಅರಣ್ಯ ಸಿಬ್ಬಂದಿ ಬಂಡೆಗಳಿಗೆ ಬೆಲ್ಲದ ಪಾಕ ಸವರಿ ಬರುವುದು ರೂಢಿ. ಬಿಸಿಲು ಇಳಿಯುತ್ತಲೇ ಗವಿಗಳಿಂದ ಕರಡಿಗಳು ಹೊರಬಂದು ಕಲ್ಲು ನೆಕ್ಕತೊಡಗುತ್ತವೆ. ವೀಕ್ಷಣಾ ಗೋಪುರದಲ್ಲಿ ನಿಂತವರಿಗೆ ಅದೊಂದು ಮೋಜಿನ ನೋಟ. ಆದರೆ ಕರಡಿ ನೆಕ್ಕುತ್ತಿರುವುದು ಏನನ್ನು? ಕಬ್ಬಿನ ಎಲೆ ಹಿಡಿದಿಟ್ಟ ಸೂರ್ಯನ ಬಿಸಿಲನ್ನು.

ಜೀವಲೋಕದ ಊಟ ಬಹುಪಾಲು ಹೀಗೆ ಬಿಸಿಲಿನಿಂದಲೇ ಹೊರಡುತ್ತದೆ. ಹಸಿರೆಲೆ ಬಿಸಿಲನ್ನು ಆಹಾರವಾಗಿಸುತ್ತದೆ, ಎಲೆಯನ್ನು ಹುಳು ತಿನ್ನುತ್ತದೆ, ಹುಳುವನ್ನು ಹಕ್ಕಿ ತಿನ್ನುತ್ತದೆ. ಇಂಗ್ಲೆಂಡಿನ ಚಾರ್ಲ್ಸ್ ಎಲ್ಟನ್ 1927ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಈ ಆಹಾರ ಸರಪಳಿಯನ್ನು ವಿವರಿಸಿದರು. ಜೀವಿಗಳನ್ನೂ ಅವುಗಳ ಮಣ್ಣು, ನೀರು, ಗಾಳಿಯನ್ನೂ ಒಂದೇ ವ್ಯವಸ್ಥೆಯಾಗಿ ಕಾಣಬೇಕೆಂದು 1935ರಲ್ಲಿ ಆರ್ಥರ್ ಟಾನ್ಸ್ಲಿ ಹೇಳಿದರು. ಈ ವ್ಯವಸ್ಥೆಯಲ್ಲಿ ಶಕ್ತಿ ಹೇಗೆ ಹರಿಯುತ್ತದೆ ಎಂಬ ಲೆಕ್ಕವನ್ನು ಮುಂದಿಟ್ಟವರು ಅಮೆರಿಕದ ರೇಮಂಡ್ ಲಿಂಡೆಮನ್. ಸಣ್ಣದೊಂದು ಸರೋವರವನ್ನು ಅಧ್ಯಯನ ಮಾಡಿ ಬರೆದ ಅವರ ಪ್ರಬಂಧ 1942ರಲ್ಲಿ ಅಚ್ಚಾಗುವ ಮೊದಲೇ, 26ರ ಹರೆಯದಲ್ಲಿ, ಅವರು ತೀರಿಕೊಂಡಿದ್ದರು.

ಲೆಕ್ಕ ಸರಳ. ಒಂದು ಮೆಟ್ಟಿಲಿನ ಶಕ್ತಿಯಲ್ಲಿ ಮೇಲಿನ ಮೆಟ್ಟಿಲಿಗೆ ದಕ್ಕುವುದು ಸ್ಥೂಲವಾಗಿ ಹತ್ತರಲ್ಲೊಂದು ಪಾಲು. ಉಳಿದದ್ದು ಉಸಿರಾಟ, ಓಡಾಟ, ಮೈಶಾಖಗಳಲ್ಲಿ ಕಳೆದುಹೋಗುತ್ತದೆ, ಇಲ್ಲವೇ ಕಸವಾಗಿ ಮಣ್ಣಿಗೆ ಬೀಳುತ್ತದೆ. ಹೊಳೆಯ ಪಾಚಿಯಲ್ಲಿ 1000 ಪಾಲು ಶಕ್ತಿ ಇದೆ ಎಂದುಕೊಂಡರೆ, ಅದನ್ನು ತಿನ್ನುವ ಹುಳು–ಮರಿಮೀನುಗಳಿಗೆ 100, ಅವನ್ನು ತಿನ್ನುವ ದೊಡ್ಡ ಮೀನಿಗೆ 10, ಆ ಮೀನನ್ನು ತಿನ್ನುವ ನೀರುನಾಯಿಗೆ 1. ಆದ್ದರಿಂದಲೇ ಹುಲ್ಲು ಅಪಾರ, ಹುಲ್ಲು ತಿನ್ನುವವು ಹಲವು, ಅವನ್ನು ತಿನ್ನುವವು ಕೆಲವೇ.

ಮಳೆ ಕಡಿಮೆಯಿರುವ ಈ ಕಲ್ಲುಗುಡ್ಡಗಳಲ್ಲಿ ಸರಪಳಿಯ ಬುಡವೇ ಬಡವಾದದ್ದು. ಅಂಥ ನೆಲದಲ್ಲಿ ಕರಡಿಯಂಥ ದೊಡ್ಡ ಪ್ರಾಣಿ ಬದುಕುವುದು ಹೇಗೆ? ಕೆಳಗಿನ ಮೆಟ್ಟಿಲಲ್ಲೇ ಉಂಡು. ಬಾರೆ, ಕಾರೆ, ಸೀತಾಫಲ, ಜೇನು, ಗೆದ್ದಲು, ಇರುವೆ ಅದರ ಆಹಾರ. ಒಣಗಿದ ಸೌದೆಯನ್ನು ಗೆದ್ದಲು ತಿನ್ನುತ್ತದೆ, ಗೆದ್ದಲನ್ನು ಕರಡಿ ಹೀರುತ್ತದೆ. ಹಣ್ಣಿನ ಬೀಜಗಳು ಅದರ ಲದ್ದಿಯೊಂದಿಗೆ ಬೇರೆ ಗುಡ್ಡ ಸೇರಿ ಮೊಳೆಯುತ್ತವೆ.

ಇದೇ ಒಣ ಸೀಮೆಯಲ್ಲಿ ಸರಪಳಿಯ ಬುಡವನ್ನು ಅಗಲಗೊಳಿಸಿದವರು ಮನುಷ್ಯರು. ವಿಜಯನಗರದ ಕಾಲದಲ್ಲಿ ತುಂಗಭದ್ರೆಗೆ ಅಣೆಗಳನ್ನು ಕಟ್ಟಿ ತುರುತ್ತು, ಬಸವಣ್ಣ, ರಾಯ ಮೊದಲಾದ ಕಾಲುವೆಗಳನ್ನು ತೆಗೆದರು. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಕೃಷ್ಣದೇವರಾಯ ಕಟ್ಟಿಸುತ್ತಿದ್ದ ಕೆರೆಯೊಂದರ ಕೆಲಸದಲ್ಲಿ ಹದಿನೈದಿಪ್ಪತ್ತು ಸಾವಿರ ಜನ ತೊಡಗಿದ್ದನ್ನು ಕಂಡುದಾಗಿ ಬರೆದಿದ್ದಾನೆ. 1565ರ ಯುದ್ಧದ ಬಳಿಕ ರಾಜಧಾನಿ ಹಾಳಾಯಿತು. ತುರುತ್ತು ಕಾಲುವೆ ಮಾತ್ರ ಹಂಪಿಯ ಕಣಿವೆಯಲ್ಲಿ ಇಂದಿಗೂ ಹರಿಯುತ್ತಿದೆ. ಹೊಸಪೇಟೆಯಿಂದ ಕಂಪ್ಲಿಯವರೆಗಿನ ಭತ್ತ, ಬಾಳೆ, ಕಬ್ಬುಗಳ ಹಸಿರು ಇಂಥ ಕಾಲುವೆಗಳ ಕೊಡುಗೆ. ಗದ್ದೆಯಲ್ಲಿ ಹುಳು, ಹುಳುವಿಗೆ ಕಪ್ಪೆ, ಕಪ್ಪೆಗೆ ಕೊಕ್ಕರೆ. ಅರಸರು ಯೋಚಿಸಿರದ ಪ್ರಜೆಗಳೂ ಈ ನೀರಿನಲ್ಲಿ ಉಂಡರು.

1945ರಲ್ಲಿ ಶಂಕುಸ್ಥಾಪನೆಯಾದ ತುಂಗಭದ್ರಾ ಅಣೆಕಟ್ಟಿನಲ್ಲಿ 1953ರಲ್ಲಿ ನೀರು ನಿಂತಿತು. ಹಳೆಯ ಕಾಲುವೆಗಳಲ್ಲಿ ಕೆಲವಕ್ಕೆ ಈಗ ಜಲಾಶಯದಿಂದಲೇ ನೀರು. ಅಣೆಕಟ್ಟಿನ ಕೆಳಗೆ, ಬಂಡೆಗಳ ಸಂದಿನಲ್ಲಿ ಹರಿಯುವ ಹೊಳೆಯಲ್ಲಿ ನೀರುನಾಯಿಗಳು ಗುಂಪುಗುಂಪಾಗಿ ಬದುಕಿವೆ. ಕರಡಿಯಂತಲ್ಲದೆ ಇವು ಸರಪಳಿಯ ತುದಿಯ ಪ್ರಾಣಿಗಳು. ಮೀನೇ ಮುಖ್ಯ ಆಹಾರ, ಜೊತೆಗೆ ಏಡಿ, ಕಪ್ಪೆ. ಒಂದು ಸಂಸಾರದ ಹೊಟ್ಟೆ ತುಂಬಲು ಒಂದು ಮಡು ಸಾಲದು, ಉದ್ದದ ಹೊಳೆಯೇ ಬೇಕು. 2015ರಲ್ಲಿ ರಾಜ್ಯ ಸರ್ಕಾರ ಮುದ್ಲಾಪುರದಿಂದ ಕಂಪ್ಲಿ ಸೇತುವೆಯವರೆಗಿನ 34 ಕಿಲೋಮೀಟರ್ ಹೊಳೆಯನ್ನು ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು. ಇಷ್ಟು ಉದ್ದ ಏಕೆಂದು ಕೇಳುವವರಿಗೆ ಲಿಂಡೆಮನ್ನರ ಲೆಕ್ಕದಲ್ಲೇ ಉತ್ತರವಿದೆ.

ಈ ಲೆಕ್ಕ ಯಾವ ಮೆಟ್ಟಿಲಲ್ಲಿ ತಪ್ಪಿದರೂ ಪೆಟ್ಟು ಬೀಳುವುದು ಮೇಲಿನವರಿಗೆ. ಸಿಡಿಮದ್ದು ಹಾಕಿ ಮೀನು ಹಿಡಿದರೆ ದೊಡ್ಡ ಮೀನಿನೊಂದಿಗೆ ನಾಳೆಯ ಮರಿಯೂ ಸಾಯುತ್ತದೆ. ಮರಳು ಬಗೆದರೆ ಮೀನು ಮೊಟ್ಟೆಯಿಡುವ ತಾಣವೇ ಇಲ್ಲವಾಗುತ್ತದೆ. ಅದಿರಿನ ಕೆಂಪು ದೂಳು ಎಲೆಯ ಮೇಲೆ ಕುಳಿತರೆ ಬಿಸಿಲು ಒಳಹೊಗುವ ಬಾಗಿಲೇ ಮುಚ್ಚುತ್ತದೆ. ಮಿತಿಮೀರಿದ ಗಣಿಗಾರಿಕೆಯ ಕಾರಣ 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರು ಗಣಿಗಳನ್ನು ನಿಲ್ಲಿಸಿತ್ತು; ಮುಂದೆ ಷರತ್ತುಗಳೊಂದಿಗೆ ಅವು ಮತ್ತೆ ತೆರೆದವು. ಗುಡ್ಡದಲ್ಲಿ ಹಣ್ಣು ಕಡಿಮೆಯಾದಾಗ ಕರಡಿ ಹೊಲಕ್ಕಿಳಿಯುತ್ತದೆ. ರಾತ್ರಿ ಬೆಳೆ ಕಾಯುವ ರೈತ ಅದಕ್ಕೆ ಎದುರಾಗುತ್ತಾನೆ. ಗಾಯ ಇಬ್ಬರಿಗೂ ಆಗುತ್ತದೆ.

ಇನ್ನೊಂದು ಮಾತು. ಶಕ್ತಿ ಮೆಟ್ಟಿಲೇರಿದಂತೆ ಕರಗುತ್ತದೆ. ಸುಲಭವಾಗಿ ಕರಗದ ವಿಷಗಳು ಮಾತ್ರ ಏರಿದಂತೆ ದಟ್ಟವಾಗುತ್ತವೆ. ಡಿಡಿಟಿಯಂಥ ಕೀಟನಾಶಕ, ಪಾದರಸಗಳು ಪಾಚಿಯಲ್ಲಿ ಅತ್ಯಲ್ಪವಾಗಿದ್ದರೂ ಮೀನು ತಿನ್ನುವವರ ಮೈಯಲ್ಲಿ ಹೆಚ್ಚಾಗಿ ಕೂಡುತ್ತವೆ. ಮೀನು ತಿನ್ನುವವರೆಂದರೆ ನೀರುನಾಯಿಯಷ್ಟೇ ಅಲ್ಲ. ಹರಿಗೋಲಿನಲ್ಲಿ ಬಲೆ ಬೀಸುವವರ ಮನೆಯಲ್ಲೂ, ಕಂಪ್ಲಿ, ಹೊಸಪೇಟೆಗಳ ಸಂತೆಯಿಂದ ಮೀನು ಒಯ್ಯುವವರ ಮನೆಯಲ್ಲೂ ಅದೇ ಹೊಳೆಯ ಮೀನು ಬೇಯುತ್ತದೆ. ಹಂಪಿಯ ಬಂಡೆಗಳ ನಡುವೆ ನೀರುನಾಯಿ ತಲೆಯೆತ್ತಿದರೆ, ಆ ಹೊಳೆ ಮನುಷ್ಯರಿಗೂ ಇನ್ನೂ ಅನ್ನ ಕೊಡಬಲ್ಲದು ಎಂದು ತಿಳಿಯಬಹುದು.